ಕಂಬ ಹತ್ತಿದವರು

ಮಾವನನ್ನು ಬೀದಿಯವರೆಲ್ಲ ಕಂಬದಯ್ಯ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಇದೇನು ಹೆಸರಪ್ಪ ಎಂದು ಸೊಸೆ ಸೆರಗಿನ ಮರೆಯಲ್ಲಿ ನಕ್ಕಿದ್ದಳು. ಸ್ವಾತಂತ್ರ್ಯದ ದಿನ ಬಂದಾಗ ಆ ನಗು ನಿಂತಿತು. ಆ ಬೆಳಗ್ಗೆ ಮಾವ ಗಡ್ಡ ಬೋಳಿಸಿಕೊಂಡು, ಗಂಜಿ ಹಾಕಿದ ಅಂಗಿ ತೊಟ್ಟು, ಹೊಸ್ತಿಲಾಚೆ ಕುರ್ಚಿ ಹಾಕಿಸಿಕೊಂಡು ಕೂತರೆ ಅರ್ಧ ಬೀದಿ ಅಲ್ಲಿ ನೆರೆಯಿತು.

ಕತೆ ಒಂದೇ. ದೇಶ ಸ್ವತಂತ್ರವಾಗಿ ಒಂದು ವರ್ಷ ತುಂಬಿದ ದಿನ. ಗಡಿಯಾರ ವೃತ್ತದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ದೊಡ್ಡವರು ಬಂದು ಹಗ್ಗ ಎಳೆದರು, ಬಾವುಟ ಬಿಚ್ಚಲಿಲ್ಲ. ಮತ್ತೆ ಎಳೆದರು, ರಾಟೆಯಲ್ಲಿ ಹಗ್ಗ ಸಿಕ್ಕಿಕೊಂಡಿತ್ತು. ಬಾವುಟ ಒದ್ದೆ ಬಟ್ಟೆಯ ಗಂಟಿನ ಹಾಗೆ ಮೇಲೆ ನೇತಾಡುತ್ತಿತ್ತು. ಬ್ಯಾಂಡಿನವರು ಅರ್ಧಕ್ಕೆ ನಿಲ್ಲಿಸಿದರು. ಆಗ ಗಿರಣಿ ಕೆಲಸಗಾರರ ಗುಂಪಿನಿಂದ ಒಬ್ಬ ಹುಡುಗ ಓಡಿ ಬಂದು ಹಲ್ಲಿಯ ಹಾಗೆ ಸರಸರನೆ ಕಂಬ ಹತ್ತಿದ.

"ಕೈ ಹಾಕಿದೆ, ಬಿಡಿಸಿದೆ, ಬಿಟ್ಟೆ!" ಎಂದು ಮಾವ ಎರಡೂ ಕೈ ಮೇಲೆತ್ತಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಹತ್ತನೆಯ ವರ್ಷದ ಹಬ್ಬಕ್ಕೆ ಗಿರಣಿಯವರು ಅವರಿಗೆ ಕಾಯಂ ಕೆಲಸ ಕೊಟ್ಟರು. ಇಪ್ಪತ್ತೈದನೆಯದಕ್ಕೆ ಲಾರಿಯ ಮೇಲೆ ರಟ್ಟಿನ ಕಂಬ ನಿಲ್ಲಿಸಿ ಅದರ ಬುಡದಲ್ಲಿ ಅವರನ್ನು ಕೂರಿಸಿ ಊರೆಲ್ಲ ತಿರುಗಿಸಿದರು. ಐವತ್ತನೆಯದಕ್ಕೆ ಪದಕ ಬಂತು. ಇಷ್ಟೂ ಹಬ್ಬಗಳಲ್ಲಿ ಅತ್ತೆ ಎಲ್ಲಿದ್ದರು ಎಂದು ಕೇಳಿದವರಿಲ್ಲ. ಅವರು ಒಳಗೆ, ಬಂದವರಿಗೆಲ್ಲ ಚಹಾ ಕಾಯಿಸುತ್ತಿದ್ದರು.

ಅರವತ್ತನೆಯ ವರ್ಷದ ಹಬ್ಬಕ್ಕೆ ಎಂಟು ತಿಂಗಳಿರುವಾಗ ಮಾವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಬಾಯಿಂದ ಬರುತ್ತಿದ್ದುದು "ಬ… ಬ…" ಎಂಬ ಒಂದೇ ಸದ್ದು. ಬುದ್ಧಿ ಮಾತ್ರ ಮುಕ್ಕಾಗಿರಲಿಲ್ಲ. ಎಲ್ಲ ಕೇಳಿಸಿಕೊಳ್ಳುತ್ತಿದ್ದರು, ಎಲ್ಲ ತಿಳಿಯುತ್ತಿತ್ತು. ಇದ್ದ ಒಂದೂವರೆ ಕೋಣೆಯಲ್ಲಿ ಅವರ ಮಂಚ ನಡುವೆ ಬಂತು. ಮನೆಯ ಮಾತೆಲ್ಲ ಗೋಡೆಯ ಮೇಲಿಂದ ಆಡಿದ ಹಾಗೆ ಆ ಮಂಚದ ಮೇಲಿಂದಲೇ ಹಾಯುತ್ತಿತ್ತು.

ಹಬ್ಬಕ್ಕೆ ಎರಡು ತಿಂಗಳಿದೆ ಎನ್ನುವಾಗ ಬಾಗಿಲಿಗೆ ಎರಡು ಕಾಗದ ಬಂದವು. ಮೆರವಣಿಗೆಗೆ ರಸ್ತೆ ಅಗಲ ಮಾಡುತ್ತೇವೆ, ಈ ಸಾಲಿನ ಮನೆಗಳನ್ನು ತಿಂಗಳೊಳಗೆ ಖಾಲಿ ಮಾಡಿ ಎನ್ನುವುದು ಒಂದು. ಇನ್ನೊಂದು ಹಬ್ಬದ ಸಮಿತಿಯದು: ಮೊದಲ ವಾರ್ಷಿಕೋತ್ಸವದಲ್ಲಿ ಪಾಲ್ಗೊಂಡ ಹಿರಿಯರು ತಮ್ಮ ನೆನಪುಗಳನ್ನು ಬರೆಸಬೇಕು, 'ಗೌರವ ಹಿರಿಯರು' ಎಂದು ಆಯ್ಕೆಯಾದವರ ಕುಟುಂಬಕ್ಕೆ ಹೊಸ ಕಟ್ಟಡದ ನೆಲಮಹಡಿಯಲ್ಲಿ ಮನೆ.

ಸೊಸೆಯ ಗಂಡ ಗಾಜಿನಂಗಡಿಯಲ್ಲಿ ಗಾಜು ಕೊಯ್ಯುವವನು. ಎರಡೂ ಕಾಗದಗಳನ್ನು ಪಟ್ಟಿ ಸುತ್ತಿದ ಬೆರಳುಗಳಲ್ಲಿ ಹಿಡಿದು ಮೂರು ಸಲ ಓದಿದ. "ಒಂದು ಕೈಯಲ್ಲಿ ಕಿತ್ಕೊಂಡು ಇನ್ನೊಂದು ಕೈಯಲ್ಲಿ ಕೊಡ್ತಿದಾರೆ," ಎಂದ. "ಅಪ್ಪನಿಗೆ ಅಲ್ಲದೆ ಇನ್ಯಾರಿಗೆ ಸಿಗುತ್ತೆ ಈ ಮನೆ? ಊರಿಗೆಲ್ಲ ಗೊತ್ತಿರೋ ಕತೆ."

ಮರುವಾರ ಸಮಿತಿಯಿಂದ ಒಬ್ಬ ಗುಮಾಸ್ತೆ ಬಂದಳು. ಚಿಕ್ಕ ವಯಸ್ಸಿನವಳು, ಮಾತು ಮೃದು. ಮಂಚದ ಪಕ್ಕ ಕೂತು, "ತಾತಾ, ಆವತ್ತು ಏನಾಯ್ತು ಹೇಳಿ," ಎಂದಳು. ಮಾವನ ಬಾಯಿಯ ಒಂದು ಕೊನೆ ಅದುರಿತು. "ಬ… ಬ…" ಎಂದರು. ಬೆವರಿದರು. ಗುಮಾಸ್ತೆ ಪುಸ್ತಕ ಮುಚ್ಚಿದಳು.

"ಕಂಬ ಹತ್ತಿದ್ದು ತಾವೇ ಅಂತ ಇನ್ನೂ ಇಬ್ಬರು ಅರ್ಜಿ ಹಾಕಿದಾರೆ," ಎಂದಳು ಸಂಕೋಚದಿಂದ. "ತಾತ ಹೇಳೋಕಾಗಲ್ಲ ಅಂದ್ರೆ, ಆ ದಿನ ಕಣ್ಣಾರೆ ಕಂಡ ಒಬ್ರು ಕಚೇರಿಗೆ ಬಂದು ಹೇಳಿಕೆ ಕೊಟ್ಟು ಸಹಿ ಮಾಡ್ಬೇಕು."

"ಅಮ್ಮ ಇದಾರಲ್ಲ! ಅಮ್ಮ ಅಲ್ಲೇ ಇದ್ರು. ಅವರಿಗೆ ಆಗ ಹನ್ನೆರಡು ವರ್ಷ," ಎಂದ ಗಂಡ.

ಅತ್ತೆ ಒಲೆಯ ಮುಂದೆ ಸೊಪ್ಪು ಸೋಸುತ್ತಿದ್ದರು. ಕೈ ನಿಂತಿತು. ತಿರುಗಿ ನೋಡಲಿಲ್ಲ.

ಊಟಕ್ಕೆ ಕೂತಾಗ ಗಂಡನೇ ಮಾತು ತೆಗೆದ. "ಸೋಮವಾರ ರಜಾ ಹಾಕ್ತೀನಮ್ಮ. ಹೋಗಿ ಬರೋಣ."

"ನಾನು ಬರಲ್ಲ," ಎಂದರು ಅತ್ತೆ.

"ಬರಲ್ಲ ಅಂದ್ರೆ?"

"ಬರಲ್ಲ ಅಂದ್ರೆ ಬರಲ್ಲ. ಬಡಿಸ್ಕೋ, ಆರಿಹೋಗುತ್ತೆ."

"ಅಮ್ಮ, ತಿಂಗಳೊಳಗೆ ಬುಲ್ಡೋಜರ್ ಬರುತ್ತೆ. ಅಪ್ಪನ ಮಂಚ ಎಲ್ಲಿ ಇಡ್ಲಿ? ರಸ್ತೇಲಾ?"

"ನಿಮ್ಮಪ್ಪ ಹೇಳ್ಕೊಂಡು ಬಂದ್ರು, ನಾನು ಬಾಯಿ ಮುಚ್ಕೊಂಡಿದ್ದೆ. ಬಾಯಿ ಮುಚ್ಕೊಳ್ಳೋದು ಬೇರೆ, ಬರೆದು ಸಹಿ ಹಾಕೋದು ಬೇರೆ."

"ಇದೇನು ಒಗಟು ಮಾತಾಡ್ತೀಯಾ!" ಗಂಡ ತಟ್ಟೆ ತಳ್ಳಿ ಎದ್ದ. ಮಂಚದ ಮೇಲಿದ್ದ ಮಾವ ಗೋಡೆಯ ಕಡೆ ಮುಖ ಮಾಡಿಕೊಂಡರು. ಮೊಮ್ಮಗಳು ಗಿಣಿ ಮಾತ್ರ ತಲೆ ತಗ್ಗಿಸಿ ಉಂಡು ಮುಗಿಸಿದಳು. ಹದಿನಾರರ ಹುಡುಗಿ, ಹಬ್ಬದ ಸಾಮೂಹಿಕ ಕವಾಯತಿಗೆ ಶಾಲೆಯಿಂದ ಆಯ್ಕೆಯಾಗಿದ್ದಳು. ಮನೆಯಲ್ಲಿ ಬೆಂಕಿ ಬಿದ್ದರೂ ಊಟ ಬಿಡಬಾರದು ಎಂದು ಅವರ ಮೇಷ್ಟರು ಹೇಳಿದ್ದರಂತೆ.

ಅಲ್ಲಿಂದ ಎರಡು ವಾರ ಆ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಗಂಡ ಅಮ್ಮನನ್ನು ಮಾತಾಡಿಸಬೇಕಾದರೆ ಹೆಂಡತಿಗೆ ಹೇಳುತ್ತಿದ್ದ: "ಅವರಿಗೆ ಕೇಳು, ಸೋಮವಾರ ಬರ್ತಾರಾ ಅಂತ." ಅತ್ತೆಯೂ ಹಾಗೆಯೇ: "ಅವನಿಗೆ ಹೇಳು, ಸೋಮವಾರ ನನಗೆ ಒಗೆಯೋ ಬಟ್ಟೆ ಇದೆ ಅಂತ." ಇಬ್ಬರ ನಡುವೆ ಸೊಸೆ ಒನಕೆಯ ಕೆಳಗಿನ ಕಾಳಾದಳು. ಅವಳು ಕೆಲಸ ಮಾಡುತ್ತಿದ್ದುದು ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ; ಹೋಟೆಲುಗಳ ಹಾಸಿಗೆ ಬಟ್ಟೆಗಳಿಗೆ ದಿನವಿಡೀ ಆವಿಯ ಇಸ್ತ್ರಿ ಹಾಕಬೇಕು. ಕೆಲಸ ಮುಗಿಸಿ ಬಾಡಿಗೆಗೆ ಮನೆ ಹುಡುಕುತ್ತ ಹತ್ತು ಬೀದಿ ಸುತ್ತಿದಳು. ಮಂಚ ಹಿಡಿದ ಮುದುಕರಿದ್ದಾರೆ ಎಂದ ಕೂಡಲೆ ಬಾಗಿಲು ಮುಚ್ಚುತ್ತಿತ್ತು. ಒಬ್ಬಳಂತೂ, "ಸಾವು ಮುಗಿಸ್ಕೊಂಡು ಬನ್ನಿ, ಆಮೇಲೆ ನೋಡೋಣ," ಎಂದಳು.

ಆ ಮಾತನ್ನು ಸೊಸೆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ಭಾನುವಾರ, ಮಾವನಿಗೆ ಮೈ ಒರೆಸಿ, ಅತ್ತೆಯೂ ಅವಳೂ ಹಿತ್ತಿಲಲ್ಲಿ ಹಾಸಿಗೆಯ ಬಟ್ಟೆ ಹಿಂಡುತ್ತಿರುವಾಗ ತಡೆಯಲಾಗಲಿಲ್ಲ.

"ಅತ್ತೆ, ಒಂದು ಸಹಿ ಹಾಕಿದ್ರೆ ನಿಮ್ಮ ಗಂಟೇನು ಹೋಗುತ್ತೆ? ಅವರು ಕಂಬ ಹತ್ತಿದ್ದು ನಿಜ ತಾನೆ?"

ಅತ್ತೆ ಬಟ್ಟೆಯ ಆ ತುದಿ ತಿರುವುತ್ತಿದ್ದರು, ಸೊಸೆ ಈ ತುದಿ. ನೀರು ಇಬ್ಬರ ಪಾದದ ಮೇಲೂ ಸುರಿಯಿತು.

"ಬಾವುಟ ಬಿಡಿಸಿದ್ದು ನಾನು," ಎಂದರು ಅತ್ತೆ.

ಸೊಸೆಯ ಕೈಯಿಂದ ಬಟ್ಟೆ ಜಾರಿತು.

"ನೆಲಕ್ಕೆ ಬಿಟ್ಯಲ್ಲ, ಮತ್ತೆ ಒಗೀಬೇಕು," ಎಂದು ಗೊಣಗುತ್ತ ಅತ್ತೆ ಅದನ್ನು ಎತ್ತಿಕೊಂಡರು. "ತಲೇಲಿ ಹೇನು ಅಂತ ನಮ್ಮಮ್ಮ ಕೂದಲು ಬೋಳಿಸಿದ್ಲು. ಅಣ್ಣನ ಚಡ್ಡಿ ಹಾಕ್ಕೊಂಡಿದ್ದೆ. ದೂರದಿಂದ ನೋಡ್ದೋರಿಗೆ ಹುಡುಗಾನೇ. ಪೇಪರಿನೋರೂ ಹುಡುಗ ಅಂತಾನೇ ಬರೆದ್ರು. ನಮ್ಮ ಓಣಿಯೋರಿಗೆ ಗೊತ್ತಿತ್ತಲ್ಲ? ಅಷ್ಟು ಜನರ ಮುಂದೆ ಮಂಗನ ಹಾಗೆ ಹತ್ತಿದ್ಯಲ್ಲೇ ಅಂತ ಅಪ್ಪ ಬೆಲ್ಟಲ್ಲಿ ಹೊಡೆದ. ಐದಾರು ವರ್ಷ ಆದಮೇಲೂ ಅದೇ ಮಾತು. ನೋಡೋಕೆ ಬಂದ ಗಂಡುಗಳೆಲ್ಲ, ಓ ಕಂಬ ಹತ್ತಿದ ಹುಡುಗಿನಾ ಅಂತ ನಕ್ಕೊಂಡು ಎದ್ದು ಹೋಗೋರು."

"ಮತ್ತೆ ಮಾವ?"

"ಇವರು ಎದುರುಮನೆಯೋರು. ಒಂದು ದಿನ ಬಂದು ಎಲ್ಲರ ಮುಂದೆ, ಹತ್ತಿದ್ದು ಅವಳಲ್ಲ, ನಾನು ಅಂದುಬಿಟ್ರು. ಮದುವೇನೂ ಆದ್ರು. ನನ್ನ ಮರ್ಯಾದೆ ಉಳಿಸೋಕೆ ಹೇಳಿದ ಸುಳ್ಳು ಅದು. ಆಮೇಲೆ ಅದರ ರುಚಿ ಹತ್ತಿತು." ಅತ್ತೆ ಬಟ್ಟೆಯನ್ನು ಕಲ್ಲಿಗೆ ಬಡಿದರು. "ಬೇಡ ಅನ್ನೋಣ ಅಂದ್ಕೊಂಡೆ. ಕೆಲಸ ಕಾಯಂ ಆಯ್ತು, ಸುಮ್ನಾದೆ. ನಿನ್ನ ಗಂಡ ಹುಟ್ಟಿದ, ಸುಮ್ನಾದೆ. ಹಾಗೇ ಐವತ್ತು ವರ್ಷ ದಾಟೋಯ್ತು."

ಸಂಜೆ ಸೊಸೆ ಗಂಡನಿಗೆ ಎಲ್ಲ ಹೇಳಿದಳು. ಅವನು ಬೆರಳಿನ ಪಟ್ಟಿ ಬದಲಿಸುತ್ತಿದ್ದವನು ಹಾಗೆಯೇ ಕೂತ. ಒಂದು ಗಳಿಗೆ ಅಪ್ಪನ ಮುಖ, ಒಂದು ಗಳಿಗೆ ಅಮ್ಮನ ಮುಖ ನೋಡಿದ. ಮಾವ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆಯಲ್ಲಿರಲಿಲ್ಲ.

"ಹಾಗಾದ್ರೆ ಅಜ್ಜಿ ಹೋಗಿ ನಾನೇ ಹತ್ತಿದ್ದು ಅಂತ ಹೇಳ್ಲಿ!" ಎಂದಳು ಗಿಣಿ. "ಮನೆ ಅಜ್ಜಿ ಹೆಸರಿಗೇ ಬರ್ಲಿ."

"ನಿನ್ನ ತಲೆ," ಎಂದ ಗಂಡ. "ಅರ್ಜಿ ತಾತನ ಹೆಸರಲ್ಲಿದೆ. ಒಂದೇ ಮನೆಯಿಂದ ಎರಡು ಮಾತು ಬಂದ್ರೆ ಎರಡನ್ನೂ ಕಸದಬುಟ್ಟಿಗೆ ಹಾಕ್ತಾರೆ. ಪೇಪರಲ್ಲಿ ಹುಡುಗ ಅಂತಿದೆ. ಶಾಲೆ ಪುಸ್ತಕದಲ್ಲಿ ಹುಡುಗ ಅಂತಿದೆ. ಅಜ್ಜಿ ಹೋಗಿ ನಾನು ಅಂದ್ರೆ ನಗ್ತಾರೆ ಅಷ್ಟೆ." ಎರಡು ವಾರದಲ್ಲಿ ಮೊದಲ ಸಲ ಅಮ್ಮನ ಕಡೆಗೇ ತಿರುಗಿದ. ದನಿ ಇಳಿದಿತ್ತು. "ಅಮ್ಮ, ನಿಂಗೆ ಅನ್ಯಾಯ ಆಗಿದೆ. ಇಲ್ಲ ಅನ್ನಲ್ಲ. ಆದ್ರೆ ನ್ಯಾಯ ಇಟ್ಕೊಂಡು ಈ ಮಂಚದ ಮೇಲೆ ಸೂರು ಹಾಕೋಕಾಗುತ್ತಾ? ನಿನ್ನ ಕಾಲು ಹಿಡ್ಕೋತೀನಿ."

ನಿಜವಾಗಿಯೂ ಹಿಡಿದುಕೊಂಡ. ಅತ್ತೆ ಕಾಲು ಹಿಂದಕ್ಕೆಳೆದುಕೊಂಡರು.

"ಏಳು. ಹೊರೋಕೆ ಆಗಲ್ಲ ಅಂದ್ಕೊಂಡಿದ್ದೆ, ಇಷ್ಟು ಹೊತ್ತಿದೀನಿ, ಇನ್ನೊಂದು ಹೊರೆ. ನಡಿ, ಹಾಕ್ತೀನಿ ಸಹಿ."

ವಿಚಾರಣೆಯ ದಿನ ಅರ್ಜಿದಾರರು ಖುದ್ದಾಗಿ ಬರಬೇಕೆಂದು ನಿಯಮ. ಮಾವನನ್ನು ಪ್ಲಾಸ್ಟಿಕ್ ಕುರ್ಚಿಗೆ ದುಪ್ಪಟಿಯಿಂದ ಕಟ್ಟಿ, ಗಾಜು ಸಾಗಿಸುವ ಗಾಡಿಯಲ್ಲಿ ಕೂರಿಸಿ ಕಚೇರಿಗೆ ಒಯ್ದರು. ಅಂಗಿಗೆ ಸೊಸೆಯೇ ಗಂಜಿ ಹಾಕಿ ಇಸ್ತ್ರಿ ಮಾಡಿದ್ದಳು. ಎದೆಯ ಮೇಲೆ ಐವತ್ತನೆಯ ವರ್ಷದ ಪದಕ. ಮೆಟ್ಟಿಲ ಮೇಲೆ ಕುರ್ಚಿಸಮೇತ ಎತ್ತಿಕೊಂಡು ಹೋಗಬೇಕಾಯಿತು; ಗಂಡ ಒಂದು ಕಡೆ, ಕಚೇರಿಯ ಕಾವಲುಗಾರ ಇನ್ನೊಂದು ಕಡೆ.

ಅಧಿಕಾರಿ ಕೆಟ್ಟವನೇನಲ್ಲ. ಮಧ್ಯಾಹ್ನದ ಊಟವನ್ನೂ ಬಿಟ್ಟು ಕೂತಿದ್ದ. ಮೇಜಿನ ತುಂಬ ಕಡತ. ಮುದುಕನನ್ನು ಕಂಡು ಎದ್ದು ನಿಂತ. "ನಾನು ಚಿಕ್ಕವನಿದ್ದಾಗ ನಿಮ್ಮ ಕತೆ ಕೇಳಿದೀನಿ ಅಯ್ಯನೋರೆ," ಎಂದ. "ಬರೀ ನಿಯಮಕ್ಕೆ ಇದು. ಅಮ್ಮ, ಹೇಳಿಕೆ ಬರೆದಿಟ್ಟಿದೀನಿ. 'ಹಗ್ಗ ಸಿಕ್ಕಿಕೊಂಡಾಗ ನನ್ನ ಯಜಮಾನರು ಕಂಬ ಹತ್ತಿ ಬಾವುಟ ಬಿಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.' ಸರಿ ತಾನೆ?"

"ಸರಿ," ಎಂದರು ಅತ್ತೆ.

"ಇಲ್ಲಿ ಸಹಿ ಮಾಡಿ."

ಅತ್ತೆ ಕನ್ನಡಕ ಸರಿ ಮಾಡಿಕೊಂಡು, ಪೆನ್ನು ಹಿಡಿದು ಬಗ್ಗಿದರು. ಹೆಸರಿನ ಮೊದಲ ಅಕ್ಷರ ಬರೆದೂ ಆಗಿತ್ತು.

ಆಗ ಮಾವನ ಎಡಗೈ ಎದ್ದಿತು. ಸೊಸೆ ಪಕ್ಕದಲ್ಲೇ ಇದ್ದಳು; ಬೀಳುತ್ತಾರೇನೋ ಎಂದು ಹಿಡಿಯಲು ಹೋದಳು. ಬೀಳುತ್ತಿರಲಿಲ್ಲ. ಆ ಕೈ ಮೇಜಿನ ಮೇಲಿಂದ ಕಾಗದವನ್ನು ಬಾಚಿಕೊಂಡಿತು. ಎಡಗೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಅದನ್ನು ಮುದ್ದೆ ಮಾಡಿ ತೊಡೆಯ ಮೇಲೆ ಒತ್ತಿ ಹಿಡಿದರು.

"ಅಪ್ಪ! ಏನ್ ಮಾಡ್ತಿದೀಯಾ, ಬಿಡು!" ಎಂದು ಮಗ ಬೆರಳು ಬಿಡಿಸಲು ನೋಡಿದ.

ಮಾವ ತಲೆ ಅಲ್ಲಾಡಿಸಿದರು. ಆಮೇಲೆ ಕಾಗದ ಕೆಳಗೆ ಬಿಟ್ಟು, ಅದೇ ಕೈಯಿಂದ ಹೆಂಡತಿಯನ್ನು ತೋರಿಸಿದರು. ತೋರುಬೆರಳು ಬೇರೆ ಕಡೆ ಹೋಗಲಿಲ್ಲ. ಬಾಯಿ ಸೊಟ್ಟಗಾಗಿ, ಕತ್ತಿನ ನರ ಉಬ್ಬಿ, ಏಳು ತಿಂಗಳಲ್ಲಿ ಬಾರದಿದ್ದ ಒಂದು ಮಾತು ತುಂಡುತುಂಡಾಗಿ ಬಂತು.

"ಇ… ಇವ್ಳು."

ಅತ್ತೆ ಪೆನ್ನು ಕೆಳಗಿಟ್ಟರು.

"ಅವರಿಗೆ ತಲೆ ಸರಿ ಇಲ್ಲ ಸಾರ್," ಎಂದ ಗಂಡ. "ಏನೋ ಅಂತಾರೆ. ನೀವು ಬೇರೆ ಕಾಗದ ಕೊಡಿ."

"ಅವರ ತಲೆ ಸರಿ ಇದೆ," ಎಂದರು ಅತ್ತೆ.

ಬಾವುಟ ಬಿಡಿಸಿದ್ದು ತಾನು ಎಂದು ಅತ್ತೆ ಹೇಳಿದ್ದನ್ನೆಲ್ಲ ಅಧಿಕಾರಿ ಕೇಳಿಕೊಂಡ. ಹಣೆ ಉಜ್ಜಿದ. "ನಾನು ನಂಬ್ತೀನಿ ಅಮ್ಮ," ಎಂದ. "ಆದ್ರೆ ಏನಂತ ಬರೀಲಿ? ಅರವತ್ತು ವರ್ಷದಿಂದ ಶಾಲೆ ಪುಸ್ತಕದಲ್ಲಿ ಇರೋದು ಸುಳ್ಳು ಅಂತ, ಅರವತ್ತನೇ ಹಬ್ಬದ ವರ್ಷ, ನಾನು ಬರೀಲಾ? ಅರ್ಜಿ ಹಾಕಿದೋರೇ ನಾನಲ್ಲ ಅಂದ ಮೇಲೆ ಇದನ್ನ ಮುಂದಕ್ಕೂ ಕಳಿಸೋಕಾಗಲ್ಲ."

ಮೆಟ್ಟಿಲಿಳಿಸುವಾಗ ಕಾವಲುಗಾರನಿರಲಿಲ್ಲ. ಸೊಸೆಯೇ ಕುರ್ಚಿಯ ಇನ್ನೊಂದು ಕಡೆ ಹಿಡಿದಳು. ರಸ್ತೆಗೆ ಬಂದದ್ದೇ ಗಂಡ ಗಾಡಿಯ ಹಿಡಿ ಬಿಟ್ಟು ಅಪ್ಪನ ಎದುರು ನಿಂತ.

"ಐವತ್ತು ವರ್ಷ ಪುಕ್ಕಟೆ ಸುಳ್ಳು ಹೇಳ್ದೆ! ಆ ಸುಳ್ಳಿಗೆ ಒಂದು ಬೆಲೆ ಬಂದ ದಿನ, ಅದೊಂದೇ ದಿನ, ನಿಂಗೆ ಸತ್ಯ ನೆನಪಾಯ್ತಾ? ಕೈಗೆ ಬಂದ ತುತ್ತು ಬಾಯಿಗೆ ಬರೋ ಹೊತ್ತಿಗೆ ಕೈನೇ ಕತ್ತರಿಸಿಬಿಟ್ಯಲ್ಲ!"

ದಾರಿಹೋಕರು ನಿಂತು ನೋಡಿದರು. ಮಾವ ಮಗನ ಮುಖವನ್ನೇ ನೋಡುತ್ತಿದ್ದರು. ಬಲಗಣ್ಣಲ್ಲಿ ನೀರಿಳಿಯುತ್ತಿತ್ತು; ಲಕ್ವ ಹೊಡೆದ ಮೇಲೆ ಆ ಕಣ್ಣಿನಿಂದ ಯಾವಾಗಲೂ ನೀರಿಳಿಯುತ್ತಿದ್ದುದರಿಂದ ಅತ್ತರೋ ಇಲ್ಲವೋ ಸೊಸೆಗೆ ತಿಳಿಯಲಿಲ್ಲ.

ಬುಲ್ಡೋಜರ್ ಹೇಳಿದ ದಿನಕ್ಕೇ ಬಂತು. ಒಲೆ, ಪಾತ್ರೆ, ಮಂಚ, ಗಿಣಿಯ ಪುಸ್ತಕ, ಎಲ್ಲ ಎರಡು ಗಾಡಿಗಾಯಿತು. ಸೊಸೆ ಕಾರ್ಖಾನೆಯ ಮೇಸ್ತ್ರಿಯ ಕೈಕಾಲು ಹಿಡಿದು, ಬಾಯ್ಲರಿನ ಹಿಂದೆ ಮೊದಲು ಕಲ್ಲಿದ್ದಲು ತುಂಬುತ್ತಿದ್ದ ಕೋಣೆಯನ್ನು ಬೇಡಿ ಪಡೆದಿದ್ದಳು. ಎರಡು ದಿನ ತೊಳೆದರೂ ಗೋಡೆ ಕಪ್ಪೇ. ಕಿಟಕಿಯಿಲ್ಲ. ಬಾಯ್ಲರ್ ಉರಿಯುವಾಗ ಗೋಡೆ ಮುಟ್ಟುವ ಹಾಗಿರಲಿಲ್ಲ. ನಲ್ಲಿ ಅಂಗಳದಾಚೆ, ಮುಂಜಾನೆ ಒಂದು ಗಂಟೆ ನೀರು. ಗಿಣಿಯ ಶಾಲೆ ಊರಿನ ಆ ತುದಿಗಾಯಿತು. ಮೂರು ದಿನ ತಡವಾಗಿ ಹೋದಳು. ನಾಲ್ಕನೆಯ ದಿನ ಕವಾಯತಿನ ಸಾಲಿನಲ್ಲಿ ಅವಳ ಜಾಗದಲ್ಲಿ ಬೇರೆ ಹುಡುಗಿ ನಿಂತಿದ್ದಳು.

"ಹೋಗ್ಲಿ ಬಿಡು," ಎಂದರು ಅತ್ತೆ.

"ನಿಮ್ಮಿಂದಾನೇ ಆಗಿದ್ದು. ನಿಮ್ಮಿಬ್ಬರಿಂದ," ಎಂದಳು ಗಿಣಿ. ಆಮೇಲೆ ಅಜ್ಜಿಯ ಮಡಿಲಲ್ಲೇ ತಲೆಯಿಟ್ಟು ಅತ್ತಳು.

ಗಂಡ ಅಪ್ಪನ ಹತ್ತಿರ ಹೋಗುವುದನ್ನೇ ಬಿಟ್ಟ. ಮಗ್ಗುಲು ತಿರುಗಿಸಬೇಕಾದರೂ ಅತ್ತೆ ಸೊಸೆ ಇಬ್ಬರೇ ಆಗಬೇಕು. ಮಾವನ ಬೆನ್ನಲ್ಲಿ ಹುಣ್ಣಾಯಿತು. ಬರಬರುತ್ತ ಊಟಕ್ಕೆ ಬಾಯಿ ತೆರೆಯುವುದನ್ನೂ ನಿಲ್ಲಿಸಿದರು. ತುಟಿಗೆ ಚಮಚ ತಾಗಿಸಿದರೆ ಹಲ್ಲು ಬಿಗಿದುಕೊಳ್ಳುತ್ತಿದ್ದರು. ದವಾಖಾನೆಯ ವೈದ್ಯರು ನೋಡಿ, "ನುಂಗೋಕೆ ಬರುತ್ತೆ. ನುಂಗಲ್ಲ ಅಂತಿದಾರೆ. ಮನೇಲಿ ಏನಾದ್ರೂ ಮಾತು ಬಂತಾ?" ಎಂದು ಕೇಳಿದರು. ಸೊಸೆ ಇಲ್ಲ ಎಂದಳು.

ಹಬ್ಬದ ದಿನ ಗಾಜಿನಂಗಡಿಗೆ ರಜೆ. ಕಾರ್ಖಾನೆಗೆ ಇರಲಿಲ್ಲ, ಹಬ್ಬಕ್ಕೆಂದು ಬಂದವರಿಂದ ಹೋಟೆಲುಗಳು ತುಂಬಿ, ಬಟ್ಟೆ ಬೆಟ್ಟದಷ್ಟು ಬಿದ್ದಿತ್ತು. ಸೊಸೆಯ ಪಾಳಿ ಹನ್ನೊಂದಕ್ಕೆ. ಬೆಳಗ್ಗೆಯೇ ಎಲ್ಲಿಂದಲೋ ಧ್ವನಿವರ್ಧಕ ಶುರುವಾಗಿತ್ತು. ಯಾರೋ ಗಟ್ಟಿ ಗಂಟಲಿನವರು ಭಾಷಣ ಮಾಡುತ್ತಿದ್ದರು. "…ಅಂದು ಒಬ್ಬ ಅನಾಮಿಕ ಬಾಲಕ ಪ್ರಾಣದ ಹಂಗು ತೊರೆದು…"

ಕೋಣೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ಅತ್ತೆ ಮಂಚದ ಅಂಚಿನಲ್ಲಿ ಗಂಜಿಯ ಬಟ್ಟಲು ಹಿಡಿದು ಕೂತಿದ್ದರು. ಅದು ಕೆನೆಗಟ್ಟಿತ್ತು. ಹೊರಗೆ ಚಪ್ಪಾಳೆ ಬಿತ್ತು; ತುಂಬ ಹೊತ್ತು ಬಿತ್ತು.

ಬಾಗಿಲಲ್ಲಿ ಬೆನ್ನು ಮಾಡಿ ಕೂತಿದ್ದ ಗಂಡ ತಿರುಗದೆಯೇ ಕೇಳಿದ. "ಅಮ್ಮ, ಮೇಲಿಂದ ಏನು ಕಾಣಿಸ್ತಿತ್ತು?"

ಅತ್ತೆಗೆ ಮೊದಲು ತಿಳಿಯಲಿಲ್ಲ. ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿದ್ದಿಲ್ಲ.

"ನೋಡೋಕೆ ಪುರುಸೊತ್ತೆಲ್ಲಿ? ಹಗ್ಗ ನೋಡ್ತಿದ್ದೆ," ಎಂದರು. "ಬಿಡಿಸಿದ ಮೇಲೆ ಕೆಳಗೆ ನೋಡಿದೆ. ಅಷ್ಟು ಸಾವಿರ ಮುಖ, ಎಲ್ಲ ಮೇಲಕ್ಕೇ. ನನ್ನನ್ನಲ್ಲ, ಬಾವುಟಾನ ನೋಡ್ತಿದ್ರು. ಹತ್ತೋಕೆ ಬಂತು, ಇಳಿಯೋಕೆ ಬರ್ಲಿಲ್ಲ. ಅಮ್ಮಾ ಅಂತ ಕೂಗ್ದೆ. ಬ್ಯಾಂಡಿನ ಗದ್ದಲದಲ್ಲಿ ಯಾರಿಗೆ ಕೇಳ್ಸುತ್ತೆ? ಭಾಷಣ ಎಲ್ಲ ಮುಗಿಯೋವರೆಗೂ ಅಲ್ಲೇ ಅವುಚ್ಕೊಂಡಿದ್ದೆ. ಒದ್ದೆ ಮಾಡ್ಕೊಂಡೆ."

ಗಿಣಿ ಪುಸ್ತಕ ಕೆಳಗಿಟ್ಟಳು. "ಆಮೇಲೆ?"

"ಆಮೇಲೇನು, ಎಲ್ಲರೂ ಮಿಠಾಯಿ ತಗೊಂಡು ಮನೆಗೆ ಹೋದ್ರು. ವೃತ್ತ ಎಲ್ಲ ಖಾಲಿ. ಈ ಪುಣ್ಯಾತ್ಮ ಎಲ್ಲಿಂದಲೋ ಬೀದಿದೀಪದೋರ ಏಣಿ ಹೊತ್ಕೊಂಡು ಬಂದ. ಹದಿನಾರು ವರ್ಷದ ಹುಡುಗ. ಏಣಿ ಅರ್ಧಕ್ಕೂ ಸಾಲಲಿಲ್ಲ. ಮಿಕ್ಕಿದ್ದು ಹಾಗೇ ಹತ್ತಿದ. ನನ್ನ ಕಾಲನ್ನ ಒಂದೊಂದೇ ತನ್ನ ಹೆಗಲ ಮೇಲೆ ಇಡಿಸ್ಕೊಂಡು ಇಳಿಸಿದ. ಅಳಬೇಡ, ಯಾರಿಗೂ ಹೇಳಲ್ಲ ಅಂದ."

ಗಂಡ ಈಗ ತಿರುಗಿದ್ದ. "ಅಪ್ಪನೂ ಹತ್ತಿದ್ರಾ?"

"ಹತ್ತಿದ್ರು."

"ಮತ್ತೆ ಕಚೇರೀಲಿ ಇದನ್ನ ಯಾಕೆ ಹೇಳ್ಲಿಲ್ಲ?"

"ಅವರು ಕೇಳಿದ್ದು ಬಾವುಟ ಬಿಡಿಸಿದೋರು ಯಾರು ಅಂತ," ಎಂದರು ಅತ್ತೆ. "ನನ್ನನ್ನ ಇಳಿಸಿದೋರು ಯಾರು ಅಂತ ಯಾವ ಸಮಿತಿ ಕೇಳುತ್ತೆ?"

ಮಾವನ ಕಣ್ಣು ತೆರೆದಿತ್ತು. ಹೆಂಡತಿಯನ್ನು ನೋಡುತ್ತಿದ್ದರು. ಹೊರಗೆ ಕಾರ್ಖಾನೆಯ ಸೀಟಿ ಕೂಗಿತು. ಸೊಸೆ ತಲೆಗೆ ಬಟ್ಟೆ ಬಿಗಿದು ಎದ್ದಳು. ಬಾಗಿಲು ದಾಟುವಾಗ ಹಿಂತಿರುಗಿ ನೋಡಿದಳು: ಗಂಡ ಅಮ್ಮನ ಕೈಯಿಂದ ಬಟ್ಟಲು ತೆಗೆದುಕೊಂಡು, ಕೆನೆಯನ್ನು ಬೆರಳಿಂದ ಸರಿಸಿ, ಅಪ್ಪನ ತುಟಿಯ ಹತ್ತಿರ ಚಮಚ ಹಿಡಿದು ಕೂತಿದ್ದ. ತುಟಿ ಇನ್ನೂ ಬಿಗಿದೇ ಇತ್ತು. ಅವನು ಚಮಚ ಹಿಂದಕ್ಕೆ ತೆಗೆಯಲಿಲ್ಲ.